ಒಂದು ಸೂಜಿ ಕಡಿಮೆ

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಡಾಕ್ಟರೇ, ಈಗಷ್ಟೇ ನಮ್ಮ ಹೊಲಿಗೆ ಪ್ರದರ್ಶನದ ರಿಬ್ಬನ್ ಕತ್ತರಿಸಿ ನಾಲ್ಕು ಒಳ್ಳೆಯ ಮಾತಾಡಿದ ಮುಖ್ಯ ಅತಿಥಿಗಳೇ, ಅಂದರೆ ಗಾರ್ಮೆಂಟ್ ಕಾರ್ಖಾನೆಯ ಮೇಡಂ ಅವರೇ, ಇಷ್ಟು ವರ್ಷ ನನ್ನ ಜೊತೆ ಹೆಣಗಿದ ನರ್ಸಮ್ಮಂದಿರೇ, ಅಟೆಂಡರುಗಳೇ, ತಲೆ ಬಾಚಿಕೊಂಡು, ತಾವೇ ಹೊಲಿದ ಬಟ್ಟೆ ಹಾಕಿಕೊಂಡು ಬಂದು ಮುಂದಿನ ಸಾಲುಗಳಲ್ಲಿ ಕುಳಿತಿರುವ ನನ್ನ ಹೊಲಿಗೆ ಕೋಣೆಯವರೇ, ಅವರನ್ನು ನೋಡಲು ಬಂದಿರುವ ಮನೆಯವರೇ, ಚಹಾ ಯಾವಾಗ ಬರುತ್ತದೆ ಎಂದು ಯೋಚಿಸುತ್ತಿರುವ ಎಲ್ಲ ಸಭಿಕರೇ,

ಈ ಮಾನಸಿಕ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಕಲಿಸಿದ ನಾನು ಇಂದು ನಿವೃತ್ತಳಾಗುತ್ತಿದ್ದೇನೆ. ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಬಟ್ಟೆಯನ್ನು ಅಳತೆಗೆ ಕತ್ತರಿಸುವವಳಿಗೆ ಮಾತನ್ನು ಕತ್ತರಿಸುವುದು ಕಷ್ಟವೇ? ಚೆಂದವಾಗಿ ಬರೆದುಕೊಂಡೂ ಬಂದಿದ್ದೆ. ಆದರೆ ಮೈಕಿನ ಮುಂದೆ ಬರುವಷ್ಟರಲ್ಲಿ ಸೂಪರಿಂಟೆಂಡೆಂಟ್ ಡಾಕ್ಟರು ಈ ಚೀಟಿಯನ್ನು ಕೈಗಿಟ್ಟರು. "ಹುಡುಕ್ತಾ ಇದ್ದಾರೆ. ಸಿಗೋವರೆಗೂ ಮಾತಾಡ್ತಾ ಇರಿ. ಯಾರಿಗೂ ಹೇಳಬೇಡಿ."

ಅಯ್ಯೋ, ಕ್ಷಮಿಸಿ ಸಾರ್. ಗಟ್ಟಿಯಾಗಿ ಓದಿಬಿಟ್ಟೆ. ಹೆದರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಓದಿದ್ದು ಓದಿಯಾಯಿತು, ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ನನ್ನ ಬಲಗಡೆಯ ಗೋಡೆ ನೋಡಿ. ಒಂದು ಮರದ ಹಲಗೆ ಇದೆ. ಅದರ ಮೇಲೆ ಹನ್ನೆರಡು ಕತ್ತರಿಗಳ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದೇವೆ. ಆಕಾರಕ್ಕೊಂದು ಮೊಳೆ, ಮೊಳೆಗೊಂದು ಕತ್ತರಿ, ಕತ್ತರಿಗೊಂದು ನಂಬರು. ಕತ್ತರಿ ತನ್ನ ಜಾಗದಲ್ಲಿದ್ದರೆ ಕಪ್ಪು ಕಾಣುವುದಿಲ್ಲ. ಏಳನೆಯ ಮೊಳೆಯಲ್ಲಿ ಕಪ್ಪು ಕಾಣುತ್ತಿದೆ, ಅಲ್ಲವೇ? ಹನ್ನೊಂದೇ ಕತ್ತರಿ ಇವೆ. ಈ ಕೋಣೆಯ ನಿಯಮ ಒಂದೇ: ಲೆಕ್ಕ ಸರಿಹೋಗದೆ ಬಾಗಿಲು ತೆಗೆಯುವಂತಿಲ್ಲ. ಬಾಗಿಲಿಗೆ ಬೀಗ ಬಿದ್ದಿದೆ, ಕೀಲಿಕೈ ನನ್ನ ಕತ್ತಿನಲ್ಲಿದೆ. ಹಾಗಾಗಿ ದಯವಿಟ್ಟು ಯಾರೂ ಏಳಬೇಡಿ, ಯಾರೂ ಗಾಬರಿಯಾಗಬೇಡಿ. ನಿಮ್ಮೆಲ್ಲರ ಪಾಲಿನ ಗಾಬರಿಯನ್ನು ನಾನೊಬ್ಬಳೇ ಪಡುತ್ತಿದ್ದೇನೆ.

ಅಟೆಂಡರಣ್ಣ ಹಿಂದಿನ ಸಾಲಿನಿಂದ ಒಬ್ಬೊಬ್ಬರ ಚೀಲ ನೋಡುತ್ತ ಬರುತ್ತಿದ್ದಾರೆ. ನೋಡಲಿ. ಅಷ್ಟರಲ್ಲಿ ಆ ಏಳನೇ ನಂಬರಿನ ಕತ್ತರಿ ಯಾರದ್ದು ಎಂದು ಹೇಳಿಬಿಡುತ್ತೇನೆ. ನನ್ನ ಕೋಣೆಯವರಿಗೆ ಹೇಗೂ ಗೊತ್ತು. ಅದು ನಮ್ಮ ಕಾಜಾ ಅಕ್ಕನ ಕತ್ತರಿ. ಎರಡನೇ ಸಾಲಿನ ತುದಿಯಲ್ಲಿ ನೀಲಿ ಬಟ್ಟೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾರಲ್ಲ, ಅವರು. ಅಂಗಿಗೆ ಗುಂಡಿ ತೂರಿಸುವ ಕಾಜಾವನ್ನು ಅವರಷ್ಟು ನೀಟಾಗಿ ಕೈಯಲ್ಲಿ ಹೊಲಿಯುವವರು ಈ ಊರಿನಲ್ಲಿಲ್ಲ, ಅದಕ್ಕೇ ಆ ಹೆಸರು. ಹದಿನಾಲ್ಕು ವರ್ಷ ಇಲ್ಲಿದ್ದ ಅವರು ಇಂದು ಬಿಡುಗಡೆಯಾಗಬೇಕು. ಅವರ ನೀಲಿ ಫೈಲು ಸೂಪರಿಂಟೆಂಡೆಂಟ್ ಡಾಕ್ಟರ ಮುಂದೆ ಮೇಜಿನ ಮೇಲಿದೆ, ಒಂದು ಸಹಿ ಬಾಕಿ. ಸೋಮವಾರದಿಂದ ಮೇಡಂ ಅವರ ಕಾರ್ಖಾನೆಯಲ್ಲಿ ಕೆಲಸ. ಕರೆದುಕೊಂಡು ಹೋಗಲು ಅವರ ತಂಗಿ ಬಂದು ಬಾಗಿಲ ಪಕ್ಕದಲ್ಲೇ ಕುಳಿತಿದ್ದಾರೆ. ಕಾಜಾ ಅಕ್ಕ ತಾವೇ ಹೊಲಿದ ಹೂವಿನ ಬಟ್ಟೆಯ ಬ್ಯಾಗು ತಂಗಿಯ ಕಾಲ ಬಳಿ ಇದೆ.

ಈಗ ತಿಳಿಯಿತಲ್ಲ, ನಾನು ಯಾಕೆ ಹೆದರಿದ್ದೇನೆ ಎಂದು? ಇಂಥ ದಿನವೇ ಏಳನೇ ನಂಬರಿನ ಕತ್ತರಿ ಕಾಣೆಯಾಗಬೇಕೇ?

ಇರಲಿ, ಇರಲಿ. ಚೀಟಿಯ ಪ್ರಕಾರ ಮಾತಾಡುತ್ತೇನೆ.

ನಾನು ಈ ಕೆಲಸಕ್ಕೆ ಸೇರಿದ ಮೊದಲ ದಿನ ಗೋಡೆಗೆ ಬೆನ್ನು ಒತ್ತಿಕೊಂಡು ಇಡೀ ದಿನ ನಿಂತಿದ್ದೆ. ಕೂತರೆ ಹಿಂದಿನಿಂದ ಯಾರಾದರೂ ಬಂದುಬಿಟ್ಟರೆ? ಸಂಜೆಗೆ ಕೋಟಿನ ಬೆನ್ನೆಲ್ಲ ಸುಣ್ಣ. ಅದನ್ನು ನೋಡಿ ಆಗಿನ ದೊಡ್ಡ ನರ್ಸಮ್ಮ, "ಏನಮ್ಮಾ, ಗೋಡೆ ಬೀಳದ ಹಾಗೆ ಹಿಡ್ಕೊಂಡಿದ್ಯಾ?" ಎಂದರು. ನಕ್ಕೆ. ಒಳಗೆ ನಗು ಇರಲಿಲ್ಲ. ಅಂದು ಸಂಜೆ ಕತ್ತರಿಗಳನ್ನು ಐದು ಸಲ ಎಣಿಸಿದೆ. ಮರುದಿನದಿಂದ ಇವರೆಲ್ಲ ನನ್ನನ್ನು ಎಣಿಕೆ ಟೀಚರ್ ಎಂದು ಕರೆಯತೊಡಗಿದರು. ನಾನು ಜಾಗರೂಕಳು ಎಂದು ಮೇಲಿನವರು ಹೊಗಳಿದರು. ಇಂದು ಕೊಟ್ಟ ನೆನಪಿನ ಫಲಕದಲ್ಲಿಯೂ "ಜಾಗರೂಕತೆ" ಎಂಬ ಪದವಿದೆ. ಅದು ಹೆದರಿಕೆ ಸ್ವಾಮಿ, ಬರೀ ಹೆದರಿಕೆ.

ಹೊಲಿಗೆಯಿಂದ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಮನೆಯವರು ಕೇಳುತ್ತಾರೆ. ಇಲ್ಲ. ಔಷಧಿ ಔಷಧಿಯೇ. ಆದರೆ ಬೆಳಿಗ್ಗೆ ಎದ್ದ ಮನುಷ್ಯನಿಗೆ ಏನಕ್ಕೆ ಏಳಬೇಕು ಎಂಬುದೊಂದು ಬೇಕಲ್ಲವೇ? ಕಾಜಾ ಅಕ್ಕ ಬಂದಾಗ ಕಿವಿಯೊಳಗೆ ಯಾರು ಯಾರೋ ಬೈಯುತ್ತಿದ್ದರಂತೆ, ಹೊತ್ತಿಲ್ಲ ಗೊತ್ತಿಲ್ಲ. ಎರಡು ನಿಮಿಷ ಒಂದು ಕಡೆ ಕೂರುತ್ತಿರಲಿಲ್ಲ. ಮೊದಲ ತಿಂಗಳು ಡಬ್ಬಿ ತುಂಬ ಗುಂಡಿ ಕೊಟ್ಟು, ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ ಮಾಡಿ ಎಂದೆ. ಅಷ್ಟೇ ಕೆಲಸ. ಆಮೇಲೆ ದಾರ ಸುತ್ತುವುದು. ಆಮೇಲೆ ಕಚ್ಚಾ ಹೊಲಿಗೆ, ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ವರ್ಷ ಕಳೆದ ಮೇಲೆ ಕಾಜಾ. ಒಂದು ದಿನ ನಾನು, "ಹೊಲಿಯೋವಾಗ ಆ ಮಾತುಗಳು ನಿಲ್ತಾವಾ?" ಎಂದು ಕೇಳಿದೆ. "ನಿಲ್ಲಲ್ಲ ಟೀಚರ್," ಎಂದರು. "ಆದ್ರೆ ನಾನು ಹೊಲಿಗೆ ಎಣಿಸ್ತಾ ಇರ್ತೀನಲ್ಲ, ಅದು ಮುಗಿಯೋವರೆಗೂ ಅವರು ಕಾಯ್ತಾರೆ."

ಅಂದು ನನಗೆ ಅನಿಸಿತು, ಎಣಿಸುವವರು ನಾವಿಬ್ಬರೂ. ಅವರು ಎಣಿಸಿ ಹಗುರಾಗುತ್ತಿದ್ದರು, ನಾನು ಎಣಿಸಿ ಎಣಿಸಿ ಬೆವರುತ್ತಿದ್ದೆ.

ಅಟೆಂಡರಣ್ಣ, ಸಿಕ್ಕಿತೇ? ಇಲ್ಲವೇ? ಆ ಹಿಂದಿನ ಸಾಲು ಮುಗಿಯಿತೇ? ಸರಿ, ಮುಂದಕ್ಕೆ ಬನ್ನಿ.

ನಮ್ಮ ಮನೆಯಲ್ಲಿಯೂ ಒಂದು ಕೀಲಿಕೈ ಇತ್ತು. ನನಗಾಗ ಒಂಬತ್ತು ವರ್ಷ. ಅಡುಗೆಮನೆಯ ಡ್ರಾಯರಿಗೆ ಅಪ್ಪ ಬೀಗ ಹಾಕಿಸಿದರು. ಚಾಕು, ಕತ್ತರಿ, ಸೂಜಿ, ಅಪ್ಪನ ಬ್ಲೇಡು, ಎಲ್ಲ ಅದರೊಳಗೆ. ಅಪ್ಪ ಕೆಲಸಕ್ಕೆ ಹೋದ ಮೇಲೆ ಕೀಲಿಕೈ ನನ್ನ ಕತ್ತಿಗೆ. "ಅಮ್ಮ ಎಷ್ಟೇ ಕೇಳಿದ್ರೂ ಕೊಡಬಾರದು, ತಿಳೀತಾ?" ಅಮ್ಮ ಕಾಯಿಲೆ ಬೀಳುವುದಕ್ಕೆ ಮೊದಲು ಇಡೀ ಬೀದಿಗೆ ಬಟ್ಟೆ ಹೊಲಿದುಕೊಡುತ್ತಿದ್ದವರು. ಆಮೇಲೆ ಸುಮ್ಮನೆ ಕೂತಿರುತ್ತಿದ್ದರು. ಅವರು ಏನನ್ನೂ ಮುರಿದವರಲ್ಲ, ಯಾರಿಗೂ ಏನೂ ಮಾಡಿದವರಲ್ಲ. ಆದರೂ ನಾನು ದಿನಾ ಶಾಲೆಯಿಂದ ಬಂದ ಕೂಡಲೇ ಡ್ರಾಯರು ತೆಗೆದು ಎಣಿಸುತ್ತಿದ್ದೆ. ಒಮ್ಮೆ ನನ್ನ ಫ್ರಾಕಿನ ಗುಂಡಿ ಕಿತ್ತುಹೋಗಿತ್ತು. ಅಮ್ಮ ನೋಡಿದರು. "ಒಂದೇ ಒಂದು ಗುಂಡಿ ಹಾಕ್ತೀನಿ ಕಣೇ. ನೀನು ಪಕ್ಕದಲ್ಲೇ ಕೂತ್ಕೋ, ಆಮೇಲೆ ಸೂಜಿ ತಗೊಂಡುಬಿಡು." ನಾನು ಕೊಡಲಿಲ್ಲ. "ಅಪ್ಪ ಬೈತಾರೆ" ಎಂದು ಹೇಳಿ ಆಚೆ ಓಡಿದೆ. ಅಮ್ಮ ಮತ್ತೆ ಕೇಳಲಿಲ್ಲ. ಮುಂದೆ ಆರು ವರ್ಷ ಬದುಕಿದ್ದರು, ಮತ್ತೆ ಒಮ್ಮೆಯೂ ಕೇಳಲಿಲ್ಲ. ಕೂತಲ್ಲೇ ಹೊದಿಕೆಯ ಅಂಚಿನ ಮೇಲೆ ಬೆರಳು ಓಡಿಸುತ್ತಿದ್ದರು, ಸೂಜಿಯಿಲ್ಲದೆ ಹೊಲಿಯುವ ಹಾಗೆ.

ಇದು ಬರೆದುಕೊಂಡು ಬಂದ ಹಾಳೆಯಲ್ಲಿಲ್ಲ. ಇದನ್ನು ಯಾರಿಗೂ ಹೇಳಿದವಳಲ್ಲ ನಾನು. ಕೆಲಸದ ಅರ್ಜಿಯಲ್ಲಿ "ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ?" ಎಂದು ಕೇಳಿದ್ದರು. "ಇಲ್ಲ" ಎಂದು ಬರೆದೆ. ಅಮ್ಮನ ಕಾಯಿಲೆ ಎಂದಾದರೊಂದು ದಿನ ನನಗೂ ಬಂದುಬಿಟ್ಟರೆ ಎಂಬ ಭಯ ಒಂದು ದಿನವೂ ನನ್ನನ್ನು ಬಿಟ್ಟಿಲ್ಲ. ಹಾಲು ಉಕ್ಕಿದರೆ, ಹೆಸರು ಮರೆತರೆ, ಬಂತೇ, ಶುರುವಾಯಿತೇ ಎಂದು ನನ್ನನ್ನೇ ಪರೀಕ್ಷಿಸಿಕೊಳ್ಳುತ್ತಿದ್ದೆ. ನೀರು ಕುಡಿಯುತ್ತೇನೆ, ಒಂದು ನಿಮಿಷ.

ಏನಮ್ಮಾ? ಯಾರು ಎದ್ದಿದ್ದು? ಕಾಜಾ ಅಕ್ಕ, ಕೂತುಕೊಳ್ಳಿ. ಅಟೆಂಡರಣ್ಣ ಇನ್ನೂ ನಿಮ್ಮ ಸಾಲಿಗೆ ಬಂದಿಲ್ಲ. ಕೂತುಕೊಳ್ಳಿ ಎಂದೆ.

ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ. ಕಾಜಾ ಅಕ್ಕ ಹೇಳುತ್ತಿದ್ದಾರೆ, "ನಾನೇ ತಗೊಂಡಿದ್ದು. ಎಲ್ಲರನ್ನೂ ಬಿಟ್ಟುಬಿಡಿ" ಎಂದು.

ಸಾರ್, ನೀವು ಏಳಬೇಡಿ. ಆ ಫೈಲನ್ನು ಮುಚ್ಚಬೇಡಿ, ಕೈಮುಗಿಯುತ್ತೇನೆ. ತಂಗಿಯಮ್ಮಾ, ನಿಮ್ಮ ಬ್ಯಾಗನ್ನು ಮಾತ್ರ ಎತ್ತಿಕೊಂಡು ಬಾಗಿಲ ಹತ್ತಿರ ಹೋದಿರಿ, ಆದರೆ ಬಾಗಿಲಿಗೆ ಬೀಗ ಹಾಕಿದೆ. ನನ್ನ ಮಾತು ಮುಗಿಯುವವರೆಗೆ ನಿಂತಾದರೂ ಕೇಳಿ. ಅವರ ಕೈಯಲ್ಲಿ ಕತ್ತರಿ ಇಲ್ಲ, ಸೊಂಟದಲ್ಲಿಲ್ಲ, ಎಲ್ಲಿಯೂ ಇಲ್ಲ. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಅವರು ಈ ಮಾತನ್ನು ಹಿಂದೆಯೂ ಒಮ್ಮೆ ಹೇಳಿದ್ದರು.

ಒಂಬತ್ತು ವರ್ಷದ ಹಿಂದೆ. ಇದೇ ಕೋಣೆ. ಸಂಜೆ ಐದಕ್ಕೆ ಸೂಜಿ ಎಣಿಸಿದೆ. ನಲವತ್ತು ಇರಬೇಕು, ಮೂವತ್ತೊಂಬತ್ತು ಇತ್ತು. ಬಾಗಿಲು ಹಾಕಿದೆ. ಬಟ್ಟೆ ಕೊಡವಿಸಿದೆ, ಜೇಬು ನೋಡಿದೆ, ಜಡೆ ಬಿಚ್ಚಿಸಿದೆ, ನೆಲದ ಮೇಲೆ ಅಯಸ್ಕಾಂತ ಆಡಿಸಿದೆ. ಮೂರು ಗಂಟೆ ಕಾಲ ಇಪ್ಪತ್ತು ಜನರನ್ನು ಕೂರಿಸಿದೆ. ಒಬ್ಬರು ಅಜ್ಜಿ ಬಾತ್‌ರೂಮಿಗೆ ಹೋಗಬೇಕು ಎಂದು ಅಳುತ್ತಿದ್ದರು. ಬಿಡಲಿಲ್ಲ, ನಿಯಮ ನಿಯಮವೇ. ಅಜ್ಜಿ ಕೂತಲ್ಲೇ ಒದ್ದೆ ಮಾಡಿಕೊಂಡರು. ಆಗ ಕಾಜಾ ಅಕ್ಕ ಎದ್ದು ನಿಂತು ಹೇಳಿದ್ದು ಇದೇ ಮಾತು, ಇದೇ ದನಿ: "ನಾನೇ ತಗೊಂಡಿದ್ದು. ಎಲ್ಲರನ್ನೂ ಬಿಟ್ಟುಬಿಡಿ." ಎಲ್ಲಿಟ್ಟೆ ಎಂದರೆ ಉತ್ತರವಿಲ್ಲ. ಪಾಪ, ಎಲ್ಲಿಂದ ತಂದು ಹೇಳುತ್ತಾರೆ?

ಬಾಗಿಲು ತೆಗೆದೆ. ಅವರೆಲ್ಲ ವಾರ್ಡಿಗೆ ಹೋದರು, ನಾನು ಮನೆಗೆ ಹೋದೆ. ಕೋಟು ಬಿಚ್ಚಿದೆ. ಕಾಲರಿನಲ್ಲಿ ಸೂಜಿ ಇತ್ತು.

ಹೊಲಿಗೆಯವರಿಗೆಲ್ಲ ಈ ಚಟ ಗೊತ್ತು. ಕೈಯಲ್ಲಿ ಬೇರೆ ಕೆಲಸ ಬಂದರೆ ಸೂಜಿಯನ್ನು ಹಾಗೇ ಕಾಲರಿಗೆ ಚುಚ್ಚಿಕೊಂಡುಬಿಡುತ್ತೇವೆ. ಬೇರೆಯವರಿಗೆ ದಿನಾ ಬೇಡ ಎಂದು ಹೇಳುವ ಕೆಲಸವನ್ನೇ ನಾನು ಮಾಡಿದ್ದೆ, ಮರೆತಿದ್ದೆ. ಇಪ್ಪತ್ತು ಜನರ ಜಡೆ ಬಿಚ್ಚಿಸಿದ ನಾನು ನನ್ನ ಕಾಲರು ಮುಟ್ಟಿ ನೋಡಲಿಲ್ಲ. ಯಾರೂ ನೋಡು ಎನ್ನಲಿಲ್ಲ. ಟೀಚರನ್ನು ಯಾರು ತಡಕುತ್ತಾರೆ?

ಮರುದಿನ ಬೆಳಿಗ್ಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮರೆವು ಶುರುವಾಯಿತು, ಅಮ್ಮನ ಕಾಯಿಲೆ ಬಂದೇಬಿಟ್ಟಿತು, ಹೇಳಿದರೆ ನನ್ನನ್ನೂ ಈ ಗೋಡೆಯ ಆ ಕಡೆ ಕೂರಿಸುತ್ತಾರೆ ಎಂದು ಹೆದರಿದೆ. ಇಂದು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತ ಉಳಿದೆ. ಅಷ್ಟರಲ್ಲಿ ಆಗಿನ ಸೂಪರಿಂಟೆಂಡೆಂಟರು ಫೈಲಿನಲ್ಲಿ ಬರೆದಾಗಿತ್ತು: "ಚೂಪಾದ ವಸ್ತುವನ್ನು ಬಚ್ಚಿಟ್ಟಿದ್ದಾರೆ, ಎಲ್ಲಿ ಎಂದು ಹೇಳುತ್ತಿಲ್ಲ, ಮನೆಗೆ ಕಳಿಸಲು ಯೋಗ್ಯರಲ್ಲ." ಒಂದೂವರೆ ವರ್ಷ ಅವರಿಗೆ ಹೊಲಿಗೆ ಕೋಣೆ ಇಲ್ಲ. ಎಣಿಸಲು ಹೊಲಿಗೆ ಇಲ್ಲದಾಗ ಆ ಕಿವಿಯೊಳಗಿನವರು ಕಾದರೇ? ವಾರ್ಡಿನ ಕಿಟಕಿಯಲ್ಲಿ ಅವರನ್ನು ನೋಡಿದೆ. ಹೊದಿಕೆಯ ಅಂಚಿನ ಮೇಲೆ ಬೆರಳು ಓಡಿಸುತ್ತಿದ್ದರು.

ಆ ತಿಂಗಳೇ ಅವರು ಮನೆಗೆ ಹೋಗಬೇಕಿತ್ತು. ತಂಗಿಯಮ್ಮಾ, ನೀವು ಬಂದಿದ್ದಿರಿ, ನನಗೆ ನೆನಪಿದೆ. ಫೈಲಿನ ಸಾಲನ್ನು ನಿಮಗೆ ಓದಿ ಹೇಳಿದರು. ನೀವು ಅಳುತ್ತ, "ಮನೇಲಿ ಮೂರು ತಿಂಗಳ ಕೂಸಿದೆ ಡಾಕ್ಟ್ರೇ, ಸೂಜಿ ಬಚ್ಚಿಡೋರನ್ನ ಹೇಗೆ ಕರ್ಕೊಂಡು ಹೋಗ್ಲಿ?" ಎಂದಿರಿ. ಬಾಗಿಲ ಈ ಕಡೆ ನಿಂತು ನಾನು ಕೇಳಿಸಿಕೊಂಡೆ. ಮಾತಾಡಲಿಲ್ಲ. ಆ ಕೂಸಿಗೆ ಈಗ ಒಂಬತ್ತು ವರ್ಷ. ದೊಡ್ಡಮ್ಮನ ಮುಖ ನೋಡಿಲ್ಲವಂತೆ. ನೀವು ಹೆದರಿದ್ದು ತಪ್ಪಲ್ಲ. ನಿಮ್ಮನ್ನು ಹೆದರಿಸಿದ್ದು ನಾನು.

ಕಾಜಾ ಅಕ್ಕ, ನಿಮಗೆ ಗೊತ್ತಿತ್ತೇ? ನನ್ನ ಕಾಲರಿನ ಸೂಜಿಯನ್ನು ಅಂದು ನೀವು ನೋಡಿದ್ದಿರೇ? ತಲೆ ಆಡಿಸುತ್ತಿದ್ದಾರೆ. ನೋಡಿದ್ದರಂತೆ. ದೇವರೇ. ನೋಡಿ ಸುಮ್ಮನಿದ್ದರಂತೆ.

ಅಟೆಂಡರಣ್ಣ, ಆ ಸಾಲುಗಳನ್ನು ಹುಡುಕುವುದು ಸಾಕು. ಅಂದು ಯಾರನ್ನು ತಡಕಲಿಲ್ಲವೋ ಅವರಿಂದ ಶುರು ಮಾಡೋಣ. ವೇದಿಕೆಗೆ ಬನ್ನಿ. ಮೊದಲು ನಾನು. ಇಗೋ ನನ್ನ ಕೈಚೀಲ, ಸುರಿಯುತ್ತೇನೆ. ಕನ್ನಡಕ, ಮಾತ್ರೆ, ಅಳತೆ ಟೇಪು, ಕರ್ಚೀಫು. ಕತ್ತರಿ ಇಲ್ಲ. ಮೇಡಂ, ತಪ್ಪು ತಿಳಿಯಬೇಡಿ, ನಿಮ್ಮದೂ ಒಮ್ಮೆ. ಇಲ್ಲ. ವಂದನೆಗಳು. ಸಾರ್, ನಿಮ್ಮ ಕೋಟು... ನೀವೇ ನೋಡಿಕೊಳ್ಳಿ, ನಾನು ಮುಟ್ಟುವುದಿಲ್ಲ.

ಎಡಗಡೆ ಜೇಬು ಸಾರ್. ಇಲ್ಲ, ಒಳಜೇಬು.

ಸಭಿಕರೇ, ಏಳನೇ ನಂಬರು ಸಿಕ್ಕಿದೆ. ಹಿಡಿಯ ಮೇಲೆ ಕೆಂಪು ಬಣ್ಣದ ಏಳು. ಮೇಡಂ ರಿಬ್ಬನ್ ಕತ್ತರಿಸಿ ಡಾಕ್ಟರ ಕೈಗೆ ಕೊಟ್ಟರು, ಡಾಕ್ಟರು ಚಪ್ಪಾಳೆ ತಟ್ಟಲು ಅದನ್ನು ಜೇಬಿಗೆ ಹಾಕಿಕೊಂಡರು. ಆಫೀಸಿನವರು ಅವಸರದಲ್ಲಿ ನನ್ನ ಹಲಗೆಯಿಂದಲೇ ಕತ್ತರಿ ತೆಗೆದುಕೊಂಡಿದ್ದಾರೆ, ನಾನು ಗೇಟಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದೆ. ಇಡೀ ಸಭೆ ನೋಡಿ ಚಪ್ಪಾಳೆ ತಟ್ಟಿದ ಕತ್ತರಿ ಅದು! ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಿತೇ? ಚೀಲ ಬಿಚ್ಚಿಸಿದ್ದು ಯಾರದ್ದು? ನಗಬೇಡಿ. ಡಾಕ್ಟರು ನಗುತ್ತಿಲ್ಲ. ನಾನೂ ನಗುತ್ತಿಲ್ಲ.

ಹಲಗೆಗೆ ಹಾಕಿದೆ. ಹನ್ನೆರಡು. ಇನ್ನು ಬಾಗಿಲು ತೆಗೆಯಬಹುದು ಎಂದು ಎಲ್ಲರೂ ಏಳುತ್ತಿದ್ದೀರಿ. ಕೂತುಕೊಳ್ಳಿ. ಲೆಕ್ಕ ಇನ್ನೂ ಸರಿಹೋಗಿಲ್ಲ.

ಇಲ್ಲಿ ನೋಡಿ, ನನ್ನ ಕಾಲರು. ಇದೇ ಆ ಸೂಜಿ. ಒಂಬತ್ತು ವರ್ಷ ಮನೆಯಲ್ಲಿ ಬೆಂಕಿಪೊಟ್ಟಣದೊಳಗೆ ಇಟ್ಟಿದ್ದೆ. ಇಂದು ಕೊನೆಯ ದಿನವಲ್ಲವೇ, ಯಾರಿಗೂ ತಿಳಿಯದ ಹಾಗೆ ಡಬ್ಬಿಗೆ ಹಾಕಿ ಮನೆಗೆ ಹೋಗಿಬಿಡೋಣ ಎಂದು ತಂದಿದ್ದೆ. ಅಷ್ಟೇ ನನ್ನ ಧೈರ್ಯ. ಎಲ್ಲರೆದುರು ಹಾಕುತ್ತಿದ್ದೇನೆ. ನಲವತ್ತು.

ಸಾರ್, ನಿಮ್ಮ ಹಿಂದಿನವರು ಬರೆದ ಆ ಸಾಲು ಮೂರನೇ ಪುಟದಲ್ಲಿದೆ. ನನಗೆ ಬಾಯಿಪಾಠ. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆಯಿರಿ: "ಸೂಜಿ ಟೀಚರ ಹತ್ತಿರ ಇತ್ತು." ನನ್ನ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಕೋಣೆಯ ಮುಂದೆ ಕೂತಿರುತ್ತೇನೆ. ಪೆನ್ನು ಇಗೋ. ನಾನು ಕಾಯುತ್ತೇನೆ. ಮಾತಾಡ್ತಾ ಇರಿ ಎಂದಿದ್ದೀರಿ, ರಾತ್ರಿಯಾದರೂ ಮಾತಾಡುತ್ತೇನೆ.

ಬರೆಯುತ್ತಿದ್ದಾರೆ.

ಸಹಿಯೂ ಆಯಿತು.

ಮೇಡಂ, ಸೋಮವಾರ ಅಕ್ಕನಿಗೆ ಕತ್ತರಿ ಕೊಡುವಾಗ ನಿಮ್ಮ ಕೈ ನಡುಗಿದರೆ, ನನ್ನದು ಇಪ್ಪತ್ತೆಂಟು ವರ್ಷ ನಡುಗಿತು ಎಂದು ನೆನಪಿಸಿಕೊಂಡು ಕೊಟ್ಟುಬಿಡಿ. ನನ್ನ ಹೆದರಿಕೆ ಈಗ ಹೋಯಿತೇ? ಇಲ್ಲ. ಇದನ್ನು ಹೇಳಿದ ಮೇಲೆ ಇನ್ನೂ ಹೆಚ್ಚಾಗಿದೆ.

ಕಾಜಾ ಅಕ್ಕ, ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ. ಬನ್ನಿ ಇಲ್ಲಿ. ಈ ಕೀಲಿಕೈ ಹಿಡಿಯಿರಿ. ಬೀಗ ಸ್ವಲ್ಪ ಬಿಗಿ, ಎಡಕ್ಕೆ ತಿರುಗಿಸಬೇಕು. ಇಂದು ಬಾಗಿಲನ್ನು ನೀವು ತೆಗೆಯಿರಿ. ಅಲ್ಲಿ ನಿಮ್ಮ ತಂಗಿ ನಿಂತಿದ್ದಾರೆ. ಅವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿಲ್ಲ, ಅವರ ಪರವಾಗಿ ನಾನು ಏನನ್ನೂ ಹೇಳಲಾರೆ. ಹೋಗಿ. ನಿಧಾನ. ಯಾರೂ ಅವಸರ ಮಾಡಬೇಡಿ, ಅವರು ಹೋಗಲಿ.

ತಂಗಿಯಮ್ಮ ತಮ್ಮ ಬ್ಯಾಗು ಮತ್ತೆ ಎತ್ತಿಕೊಂಡರು. ಅಕ್ಕನ ಹೂವಿನ ಬಟ್ಟೆಯದನ್ನೂ ಎತ್ತಿಕೊಂಡರು. ಎರಡೂ ಬ್ಯಾಗು.

ಅಧ್ಯಕ್ಷರಿಗೆ, ಅತಿಥಿಗಳಿಗೆ, ಬೀಗದೊಳಗೆ ಇಷ್ಟು ಹೊತ್ತು ಕೂತು ಈ ಎಣಿಕೆ ಟೀಚರ ಮಾತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಚಹಾ ಆರಿಹೋಗಿರುತ್ತದೆ, ಆದರೂ ಕುಡಿದು ಹೋಗಿ. ಲೆಕ್ಕ ಸರಿಯಾಗಿದೆ. ಬಾಗಿಲು ತೆಗೆದಿದೆ. ನಮಸ್ಕಾರ.